ಯಕೃತ್ತುಗಳ ಅನಧಿಕೃತ ತಯಾರಿಕೆ ಹಾಗೂ ಗೇಟಿನ ಬಳಿ ಬಿದ್ದ ಚಪ್ಪಲಿ

ಶಿಸ್ತು ಮತ್ತು ಪಾದರಕ್ಷೆ ಶಾಖೆ
ಕಡತ ಸಂಖ್ಯೆ: ಶಿಪಾ/ಯಕೃತ್ತು/ಎಡಗಾಲು/೭

ವಿಷಯ: ತೊಳೆಯುವ ಶೆಡ್ಡಿನ ನೌಕರರು ಚಪ್ಪಲಿ ಬಿಟ್ಟುಹೋಗುತ್ತಿರುವ ಬಗ್ಗೆ ಮತ್ತು ಅದಕ್ಕೆ ಹೊಣೆಯಾದ ಯಕೃತ್ತುಗಳ ಮೇಲೆ ಕ್ರಮ ಜರುಗಿಸುವ ಬಗ್ಗೆ.

ಉಲ್ಲೇಖ: ಕಾವಲುಗಾರರ ದೂರು; ಕಾರ್ಖಾನೆ ವೈದ್ಯರ ವರದಿ (ಅಕ್ಷರ ಅರ್ಥವಾಗದ ಪುಟಗಳನ್ನು ಹೊರತುಪಡಿಸಿ).

ಯಂತ್ರದ ಬಿಡಿಭಾಗಗಳ ಜಿಡ್ಡು ತೊಳೆಯುವ ಶೆಡ್ಡಿನ ಹಿರಿಯ ನೌಕರರು, ಎಲ್ಲರೂ ‘ಮಾವ’ ಎಂದು ಕರೆಯುವವರು, ಪಾಳಿ ಮುಗಿಸಿ ಹೊರಟಾಗ ಎಡಗಾಲಿನ ಚಪ್ಪಲಿಯನ್ನು ಗೇಟಿನ ಬಳಿ ಬಿಟ್ಟು ನೆಟ್ಟಗೆ ಮುಂದೆ ನಡೆದಿರುತ್ತಾರೆ. ಕಾವಲುಗಾರರು ಕೂಗಿ ಕರೆದಾಗ, ‘ಅಯ್ಯೋ, ಬಿದ್ದಿದ್ದೇ ಗೊತ್ತಾಗ್ಲಿಲ್ಲ ಕಣಪ್ಪ. ಪಾದ ನನ್ದೇ ಅನ್ನಿಸ್ತಿಲ್ಲ’ ಎಂದು ಹೇಳಿಕೆ ನೀಡಿರುತ್ತಾರೆ. ಶಾಖೆಯು ತಪಾಸಣೆ ನಡೆಸಿದ್ದು, ಪಾದವು ಅವರದೇ ಎಂದು ದೃಢಪಟ್ಟಿದೆ.

ವೈದ್ಯರ ವರದಿಯಂತೆ, ಜಿಡ್ಡು ತೊಳೆಯುವ ದ್ರಾವಕವು ಉಸಿರಿನೊಂದಿಗೆ ಒಳಹೊಕ್ಕು ಯಕೃತ್ತನ್ನು ತಲುಪುತ್ತದೆ. ಅದನ್ನು ನೀರಿನಲ್ಲಿ ಕರಗುವಂತೆ ಮಾಡಿ ಮೂತ್ರದ ದಾರಿಯಲ್ಲಿ ಸಾಗಹಾಕಲು ಹೋಗಿ ಯಕೃತ್ತು ಅದಕ್ಕಿಂತ ಕೆಟ್ಟ ವಸ್ತುವೊಂದನ್ನು ತಯಾರಿಸಿಬಿಡುತ್ತದೆ. ಕೈಕಾಲಿನ ನರಗಳನ್ನು ಕೆಡಿಸುವುದು ಈ ಹೊಸ ವಸ್ತು. ಅಂದರೆ ಕಾರ್ಖಾನೆ ಒದಗಿಸಿದ್ದು ದ್ರಾವಕ ಮಾತ್ರ; ವಿಷವು ನೌಕರರ ಸ್ವಂತ ತಯಾರಿಕೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ಕಾರ್ಖಾನೆಯ ಸಾಮಗ್ರಿ ಬಳಸಿ, ಕೆಲಸದ ವೇಳೆಯಲ್ಲಿ, ಪರವಾನಗಿಯಿಲ್ಲದೆ ಯಾವುದೇ ಯಕೃತ್ತು ಏನನ್ನೂ ತಯಾರಿಸತಕ್ಕದ್ದಲ್ಲ.

೨. ಒಳಹೋದ ದ್ರಾವಕವನ್ನು ಇದ್ದ ಸ್ಥಿತಿಯಲ್ಲೇ ಸಂಜೆ ಉಗ್ರಾಣಕ್ಕೆ ಹಿಂದಿರುಗಿಸತಕ್ಕದ್ದು. ಉಗ್ರಾಣದವರು ಊದಿಸಿಕೊಂಡು ರಸೀದಿ ಕೊಡುವರು.

೩. ಒಳ್ಳೆಯದು ಮಾಡಲು ಹೋಗಿ ಹೀಗಾಯಿತು ಎಂಬ ಸಮಜಾಯಿಷಿಯನ್ನು ಯಕೃತ್ತುಗಳಿಂದ ಸ್ವೀಕರಿಸಲಾಗುವುದಿಲ್ಲ. ಒಳ್ಳೆಯದು ಮಾಡುವ ಅಧಿಕಾರ ಮೇಲಧಿಕಾರಿಗಳಿಗೆ ಮಾತ್ರ ಇರುತ್ತದೆ.

೪. ಕಣ್ಣೆದುರೇ ಇಷ್ಟೆಲ್ಲ ನಡೆಯುತ್ತಿದ್ದರೂ ಬಾಯಿ ಬಿಡದ ಮೂತ್ರಪಿಂಡಗಳಿಗೆ ಪ್ರತ್ಯೇಕ ನೋಟಿಸು ಜಾರಿ ಮಾಡಲಾಗುವುದು.

೫. ಮಾವನವರ ಹೆಂಡತಿ ಖುದ್ದಾಗಿ ಬಂದು, ‘ಅಂಗಿ ಗುಂಡಿ ನಾನೇ ಹಾಕ್ಬೇಕು ಸ್ವಾಮಿ. ಕೈಜಾರೀತು ಅಂತ ಮೊಮ್ಮಗೂನ ಎತ್ಕೊಳ್ಳೋಕೂ ಹೆದರ್ತಾರೆ. ಬೇರೆ ಕೆಲಸಕ್ಕೆ ಹಾಕಿ, ಇಲ್ಲಾ ಶೆಡ್ಡಲ್ಲಿ ಕೆಟ್ಟು ಕೂತಿರೋ, ಆ ಕೆಟ್ಟ ಗಾಳಿ ಹೊರಗ್ ಹಾಕೋ ಫ್ಯಾನಾದ್ರೂ ಸರಿ ಮಾಡ್ಸಿ’ ಎಂದು ಕಣ್ಣೀರು ಹಾಕಿರುತ್ತಾರೆ. ಕಣ್ಣೀರನ್ನು ದಾಖಲಿಸಿಕೊಳ್ಳಲಾಗಿದೆ. ಶೆಡ್ಡಿನೊಳಕ್ಕೆ ತೆರೆದುಕೊಳ್ಳುವ ಕಿಟಕಿಯ ಪಕ್ಕದಲ್ಲೇ ಕೂರುವ ಈ ಶಾಖೆಯ ಅಧಿಕಾರಿಗಳಿಗೆ ಎಳ್ಳಷ್ಟೂ ತೊಂದರೆಯಾಗಿಲ್ಲದ ಕಾರಣ ಎರಡೂ ಕೋರಿಕೆಗಳನ್ನು ತಿರಸ್ಕರಿಸಲಾಗಿದೆ.

೬. ಇನ್ನು ಮುಂದೆ ಚಪ್ಪಲಿಯನ್ನು ದಾರದಿಂದ ಪಾದಕ್ಕೆ ಕಟ್ಟಿಕೊಳ್ಳತಕ್ಕದ್ದು. ಬೆರಳಿಗೆ ದಾರ ತಾಗಿದ್ದು ತಿಳಿಯದವರು, ತಮಗೆ ತಿಳಿಯುತ್ತಿಲ್ಲವೆಂದು ತಮ್ಮ ಕೈಯಾರೆ ಬರೆದುಕೊಡತಕ್ಕದ್ದು.

(ಸಹಿ ಇರುವುದಿಲ್ಲ. ಲೇಖನಿ ಬೆರಳಿನಿಂದ ಜಾರಿದ್ದು ಅಧಿಕಾರಿಗಳ ಗಮನಕ್ಕೆ ಬಾರದ ಕಾರಣ ಮೊಹರು ಮಾತ್ರ ಹಾಕಲಾಗಿದೆ.)
ಶಿಸ್ತು ಮತ್ತು ಪಾದರಕ್ಷೆ ಅಧಿಕಾರಿ

ಪ್ರತಿಗಳು:
ಎಲ್ಲ ಯಕೃತ್ತುಗಳಿಗೆ, ಊಟಕ್ಕೆ ಮುಂಚೆ ಓದಿಕೊಳ್ಳಲು.
ಮಾವನವರ ಹೆಂಡತಿಗೆ, ಎಡಗಾಲಿನ ಚಪ್ಪಲಿ ಸಮೇತ.
ಕಾವಲುಗಾರರಿಗೆ: ಅಧಿಕಾರಿಗಳ ಕೊಠಡಿಯ ಹೊಸ್ತಿಲ ಬಳಿ ಬಿದ್ದಿರುವ ಒಂಟಿ ಚರ್ಮದ ಚಪ್ಪಲಿ ಯಾರದೆಂದು ಯಾರನ್ನೂ ಕೇಳದಿರಲು.
ದುರಸ್ತಿ ವಿಭಾಗಕ್ಕೆ: ಖಂಡಿಕೆ ೫ ಏನೇ ಹೇಳಿದ್ದರೂ, ಫ್ಯಾನು ಇವತ್ತೇ ತಿರುಗತಕ್ಕದ್ದು.