ವಾಲ್ದೋರ್ಸಿ ಮನೆತನದ ಅರ್ಧ ಪದಕ

ಕೌಂಟ್ ಎಲಿಜಿಯೊ ವಾಲ್ದೋರ್ಸಿ ಬದುಕಿರುವಾಗಲೇ ಸತ್ತದ್ದು ಒಂದು ಕಪ್ಪು ಅಂಚಿನ ದೆಸೆಯಿಂದ. ಊರಿನ ಒಬ್ಬನೇ ಮುದ್ರಕ ಜಿಸ್ಮೊಂದೊ ಮೂವತ್ತು ವರ್ಷದಿಂದ ಅಚ್ಚು ಹಾಕಿದ್ದೆಲ್ಲ ಗೋಡೆಗೆ ಅಂಟಿಸುವ ಸಾವಿನ ಚೀಟಿಗಳನ್ನೇ. ಕೌಂಟ್ ಕೊಟ್ಟ ಪ್ರಕಟಣೆಗೂ ಅವನ ಕೈ ಅಭ್ಯಾಸಬಲದಿಂದ ಕಪ್ಪು ಅಂಚು ಕಟ್ಟಿ ಮೇಲೊಂದು ಶಿಲುಬೆ ಇಟ್ಟಿತು. ಹೆಸರು ದಪ್ಪಕ್ಷರದಲ್ಲಿತ್ತು. ಕೆಳಗಿನ ಸಣ್ಣಕ್ಷರ ಓದಲು ಊರಿನ ಮುದುಕರಲ್ಲಿ ಯಾರಿಗೆ ಕಣ್ಣಿತ್ತು?

ಅಲ್ಲಿದ್ದದ್ದು ಇಷ್ಟೇ: ವಾಲ್ದೋರ್ಸಿ ಮನೆತನದ ಅರ್ಧ ಪದಕದ ಇನ್ನರ್ಧ ಯಾರ ಬಳಿಯಾದರೂ ಇದ್ದರೆ ಸಂಜೆಯೊಳಗೆ ತಂದು ತೋರಿಸಬೇಕು.

ಪಾಪ, ಅವಸರಕ್ಕೆ ಕಾರಣವಿತ್ತು. ಹೆಂಡತಿ ಎರ್ಸಿಲಿಯಾ ಆರು ತಿಂಗಳ ಹಿಂದೆ ತೀರಿಕೊಂಡು ಊರಿನ ಸ್ಮಶಾನದಲ್ಲಿ ಶವಪೆಟ್ಟಿಗೆ ಇಡುವ ಗೋಡೆಗೂಡಿನಲ್ಲಿ ಮಲಗಿದ್ದಳು. ಅವಳನ್ನು ಇಗರ್ಜಿಯಲ್ಲಿದ್ದ ಮನೆತನದ ಸಮಾಧಿಯ ನೆಲಮಾಳಿಗೆಗೆ ತಂದು, ಮುಂದೆ ತಾನೂ ಅವಳ ಪಕ್ಕ ಮಲಗಬೇಕೆಂಬುದೊಂದೇ ಅವನಿಗೆ ಉಳಿದಿದ್ದ ಆಸೆ. ಆದರೆ ಅಲ್ಲಿಗೆ ವಾಲ್ದೋರ್ಸಿ ರಕ್ತದವರಿಗೂ ಅವರ ಹೆಂಡಂದಿರಿಗೂ ಮಾತ್ರ ಪ್ರವೇಶ. ದಾಖಲೆಗಳನ್ನೆಲ್ಲ ಇಲಿಗಳು ತಿಂದು, ಆ ಮನೆಯಲ್ಲಿ ಅವುಗಳ ವಂಶವೇ ಚೆನ್ನಾಗಿ ಬೆಳೆದಿತ್ತು. ಉಳಿದದ್ದು ಅರ್ಧ ಪದಕ. ಯಾವುದೋ ಯುದ್ಧಕ್ಕೆ ಹೊರಟ ಹಿರಿಯನೊಬ್ಬ ಅದನ್ನು ಕತ್ತಿಯಿಂದ ಸೀಳಿದನಂತೆ. "ಇನ್ನರ್ಧ ಯಾರ ಹತ್ರ ಇದೆಯೋ ಅವರೇ ನಮ್ಮ ರಕ್ತ" ಎಂದು ಅಪ್ಪ ಸಾಯುವಾಗ ಹೇಳಿದ್ದ. ಅದನ್ನು ತಂದರೆ ಒಪ್ಪುತ್ತೇನೆ ಎಂದಿದ್ದರು ಪಾದ್ರಿ ಫುಲ್ಜೆನ್ಸಿಯೊ. ಹಕ್ಕುದಾರರು ಯಾರೂ ಇಲ್ಲವೆಂದು ಮರುದಿನವೇ ನೆಲಮಾಳಿಗೆಯ ಬಾಯಿಗೆ ಕಲ್ಲು ಮುಚ್ಚಿ ಗಾರೆ ಬಳಿಯುವವರಿದ್ದರು.

ಗೆದ್ದೇ ಗೆಲ್ಲುತ್ತೇನೆಂಬ ಧೈರ್ಯದಲ್ಲಿ ಕೌಂಟ್ ಬೆಳಿಗ್ಗೆಯೇ, ಎರ್ಸಿಲಿಯಾಳ ಪಕ್ಕ ತನಗೆಂದು ಇಟ್ಟುಕೊಂಡಿದ್ದ ಗೂಡನ್ನು ನೆರೆಮನೆಯ ಚೆಸಿರಾಳಿಗೆ ಬರೆದುಕೊಟ್ಟಿದ್ದ. "ವಾಲ್ದೋರ್ಸಿ ಮಾತು ಕೊಟ್ಟರೆ ಮುಗೀತಮ್ಮ" ಎಂದು ಬೇರೆ ಹೇಳಿದ್ದ.

ಹತ್ತು ಗಂಟೆಗೆ ಆ ಚೆಸಿರಾಳೇ ಕೋಳಿಸಾರಿನ ಪಾತ್ರೆ ಹಿಡಿದು ಅಳುತ್ತ ಬಂದಳು. ಬಾಗಿಲು ತೆಗೆದವನನ್ನು ನೋಡಿ ಕಿಟಾರನೆ ಕಿರುಚಿದಳು.

"ಅಯ್ಯೋ, ನೀವು ಸತ್ತಿಲ್ವಾ?"

"ಇನ್ನೂ ಇಲ್ಲ."

"ಗೋಡೆ ಮೇಲೆ ಹಾಕಿದಾರಲ್ಲ! ಹಾಗಾದ್ರೆ ಈ ಸಾರೇನು ಮಾಡ್ಲಿ?"

ಮಧ್ಯಾಹ್ನದ ಹೊತ್ತಿಗೆ ಮನೆ ತುಂಬಿತು. ಪಾದ್ರಿಗಳು ತೀರ್ಥದ ನೀರು ಹಿಡಿದು ಬಂದರು. ಕೌಂಟ್ ಬದುಕಿದ್ದಾನೆಂದು ತಿಳಿದರೂ ಯಾರೂ ಹೊರಡಲಿಲ್ಲ. ಬಂದದ್ದಾಗಿದೆ, ಸಾರೂ ಬಿಸಿಯಾಗಿದೆ. "ಮುಖ ಯಾಕೋ ಬಿಳಿಚಿಕೊಂಡಿದೆ, ಎರಡು ದಿನ ನೋಡೋಣ. ಚೀಟಿ ಕೀಳೋದು ಬೇಡ" ಎಂದ ಜಿಸ್ಮೊಂದೊ.

ಕೊನೆಗೆ ಬಂದವನು ಕ್ಷೌರಿಕ ಕ್ವಿಂತೊ, ಎರ್ಸಿಲಿಯಾಳ ತಮ್ಮ. ಊರಿನಲ್ಲಿ ಸತ್ತವರಿಗೆ ಕೊನೆಯ ಕ್ಷೌರ ಮಾಡುವವನು ಅವನೇ. ಮದುವೆಯಾದ ನಲವತ್ತು ವರ್ಷದಲ್ಲಿ ಕೌಂಟ್ ಅವನನ್ನು ಒಮ್ಮೆಯೂ ಹೊಸಿಲು ದಾಟಿಸಿರಲಿಲ್ಲ. ಎರ್ಸಿಲಿಯಾ ಸಾರಿಗೆ ಬ್ರೆಡ್ಡು ಅದ್ದಿದರೂ "ಅದು ಕ್ಷೌರದಂಗಡಿ ಚಾಳಿ. ವಾಲ್ದೋರ್ಸಿಗಳು ಅದ್ದೋದಿಲ್ಲ" ಎಂದು ತಡೆಯುತ್ತಿದ್ದ. ಅವಳು ಅವನ ಮುಖ ನೋಡಿ, ನಕ್ಕು, ಬ್ರೆಡ್ಡು ಕೆಳಗಿಡುತ್ತಿದ್ದಳು.

ಕ್ವಿಂತೊ ಒಂದು ಕೈಯಲ್ಲಿ ಕ್ಷೌರದ ಕತ್ತಿ, ಇನ್ನೊಂದರಲ್ಲಿ ಸಣ್ಣ ಬಟ್ಟೆಗಂಟು ಹಿಡಿದು, ಕಣ್ಣು ತುಂಬಿಕೊಂಡು ಒಳಬಂದ. ಹೆಣ ಕುರ್ಚಿಯಲ್ಲಿ ಕೂತು ತನ್ನನ್ನೇ ನೋಡುತ್ತಿರುವುದನ್ನು ಕಂಡು ಗಂಟು ಕೈಬಿಟ್ಟ. ಅದರೊಳಗಿಂದ ಅರ್ಧ ಪದಕ ಉರುಳಿ ಬಿತ್ತು.

ಕೌಂಟ್ ಹಾರಿ ಎತ್ತಿಕೊಂಡು ತನ್ನದಕ್ಕೆ ಹಚ್ಚಿದ. ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿತು.

"ಕೂಡ್ತು! ಪಾದ್ರಿಗಳೇ, ಕೂಡ್ತು!"

ಜನ ಚಪ್ಪಾಳೆ ತಟ್ಟಿದರು. ಕ್ವಿಂತೊ ಮಾತ್ರ ತಲೆ ತಗ್ಗಿಸಿದ.

"ಅಕ್ಕ ಕೊಟ್ಟಿದ್ದು, ಭಾವ. 'ಅವರು ಹೋದ್ಮೇಲೆ ಅವರ ಕೈಯಲ್ಲಿಡು, ಬದುಕಿರುವಾಗ ತೋರಿಸ್ಬೇಡ' ಅಂದಿದ್ಲು."

"ಯಾಕೋ?"

"ನಮ್ಮ ಮುತ್ತಜ್ಜಿಗೆ ಮದುವೆಗೆ ಮುಂಚೆ ಒಂದು ಮಗು ಆಗಿತ್ತು. ಅನಾಥಾಲಯದ ಗೋಡೇಲಿರೋ ತಿರುಗು ತೊಟ್ಟಿಲಲ್ಲಿಟ್ಟು, ಗಂಟೆ ಬಾರಿಸಿ ಓಡಿ ಬಂದ್ಲು. ಮುಂದೆ ಗುರುತು ಸಿಗ್ಲಿ ಅಂತ ಪದಕ ಕತ್ತರಿಸಿ, ಒಂದರ್ಧ ಮಗುವಿನ ಕೊರಳಿಗೆ ಕಟ್ಟಿ, ಇನ್ನರ್ಧ ತನ್ನ ಹತ್ರ ಇಟ್ಕೊಂಡ್ಲು."

ಪಾದ್ರಿಗಳು ನಿಟ್ಟುಸಿರಿಟ್ಟರು. "ಮಕ್ಕಳಿಲ್ಲದ ದೊಡ್ಡ ಮನೆಯವರು ಅಲ್ಲಿಂದ್ಲೇ ಗುಟ್ಟಾಗಿ ಮಗು ತರ್ತಿದ್ರು. ಆ ಮಗು ನಿಮ್ಮಜ್ಜ. ನಿಮ್ಮಪ್ಪ ಹೇಳಿದ್ದು ಸುಳ್ಳಲ್ಲ ಎಲಿಜಿಯೊ, ಇವನೇ ನಿನ್ನ ರಕ್ತ. ಆದ್ರೆ ಮಾಳಿಗೆ ಬಾಗಿಲು ನಾನು ತೆಗೆಯೋ ಹಾಗಿಲ್ಲ."

"ಅವಳಿಗೆ ಯಾವಾಗ ಗೊತ್ತಾಯ್ತು?" ಎಂದ ಎಲಿಜಿಯೊ.

"ಮದುವೆ ವಾರದಲ್ಲೇ. ನಿಮ್ಮ ಅರ್ಧ ನೋಡಿದ್ಲಲ್ಲ. 'ಆ ಹೆಸರೊಂದು ಬಿಟ್ರೆ ಅವರ ಹತ್ರ ಏನೂ ಇಲ್ಲ ಕಣೋ, ಅದನ್ಯಾಕೆ ಕಿತ್ಕೊಳ್ಲಿ' ಅಂದ್ಲು."

ಮುದುಕ ಅಷ್ಟು ಜನರ ಮುಂದೆ ಬಿಕ್ಕಿ ಬಿಕ್ಕಿ ಅತ್ತ. ವಂಶ ಹೋದದ್ದಕ್ಕಲ್ಲ. ನಲವತ್ತು ವರ್ಷ ಅವಳ ಕೈಯಿಂದ ಬ್ರೆಡ್ಡು ಕೆಳಗಿಡಿಸಿದ್ದಕ್ಕೆ. ಅತ್ತು ಮುಗಿದ ಮೇಲೆ ತಟ್ಟನೆ ನೆನಪಾಗಿ ತಿರುಗಿದ.

"ಚೆಸಿರಾ, ಆ ಗೂಡು ವಾಪಸ್ ಕೊಡಮ್ಮ. ಅವಳ ಪಕ್ಕ ಇರೋದು ಅದೊಂದೇ."

"ಮಾತು ಕೊಟ್ಟರೆ ಮುಗೀತು ಅಂದ್ರಿ?"

"ಅದು ವಾಲ್ದೋರ್ಸಿಗಳ ಮಾತು. ನಾನು ವಾಲ್ದೋರ್ಸಿ ಅಲ್ಲವಲ್ಲ!"

"ಬೆಳಿಗ್ಗೆ ಆಗಿದ್ರಲ್ಲ!" ಎಂದು ಚೆಸಿರಾ ಪಾತ್ರೆಯನ್ನೂ ಅಲ್ಲೇ ಬಿಟ್ಟು ಹೊರಟೇಬಿಟ್ಟಳು.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಕ್ವಿಂತೊ ಉಳಿದ ಸಾರನ್ನು ಎರಡು ಬಟ್ಟಲಿಗೆ ಬಗ್ಗಿಸಿದ. ಎಲಿಜಿಯೊ ಬ್ರೆಡ್ಡು ಮುರಿದು ಕೈಯಲ್ಲಿ ಹಿಡಿದುಕೊಂಡೇ ಕೂತ.

"ನಮ್ಮಲ್ಲಿ ಅದ್ದುತ್ತಾರೇನೋ?" ಎಂದು ಕೇಳಿದ.

"ಅದ್ದದೆ ಇನ್ನೇನು, ಭಾವ."

ಅದ್ದಿ ತಿಂದ. ಸಾರು ಆರಿಹೋಗಿತ್ತು, ಆದರೆ ಬ್ರೆಡ್ಡು ಮೆತ್ತಗಾಗಿ ಬಹಳ ರುಚಿಯಾಗಿತ್ತು.