ಸೀಳುನಾಯಿಯ ಮಂಗಳವಾರ

ಉಪವಾಸ ಮಾಡುವವರೆಂದರೆ ನನಗೆ ಬಹಳ ಗೌರವ. ಆ ಗೌರವವನ್ನು ನಾನು ಇದುವರೆಗೆ ಊಟ ಮಾಡುತ್ತಲೇ ಸಲ್ಲಿಸಿಕೊಂಡು ಬಂದಿದ್ದೆ. ಅಮೆರಿಕದ ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದರಲ್ಲಿ ದಿನವಿಡೀ ಕುಳಿತು, ವಾರಾಂತ್ಯಕ್ಕೆ ಐಸೆಲಿನ್‌ಗೆ ಡ್ರೈವ್ ಮಾಡಿ ದೋಸೆ ತಿಂದು ಬೆಳೆಸಿದ ಹೊಟ್ಟೆ ನನ್ನದು. ಇದಕ್ಕೆ ಸಂಚಕಾರ ಬಂದದ್ದು ಒಂದು ಸೀಳುನಾಯಿಯಿಂದ.

ಮಗಳು ಇರಾ ಹತ್ತನೆಯ ಹುಟ್ಟುಹಬ್ಬಕ್ಕೆ ಗೊಂಬೆ ಬೇಡ, ಸಾಕುವ ಖರ್ಚು ಕೊಟ್ಟು ಮೃಗಾಲಯದ ಪ್ರಾಣಿಯೊಂದನ್ನು ದತ್ತು ತೆಗೆದುಕೊಳ್ಳೋಣ ಎಂದಳು. ಕರ್ನಾಟಕದ ದೊಡ್ಡ ಮೃಗಾಲಯವೊಂದರಲ್ಲಿ, ಕಾಡಿನಲ್ಲಿ ಕಡಿಮೆಯಾಗುತ್ತಿರುವ ಸೀಳುನಾಯಿಗಳನ್ನು ಸಾಕಿ ಸಂತತಿ ಬೆಳೆಸುತ್ತಾರೆ. ಹುಲಿಗೆ ಎಲ್ಲರೂ ಇದ್ದಾರೆ, ಇದಕ್ಕೆ ಯಾರಿದ್ದಾರೆ ಎಂದು ಅವಳೇ ಕೆಂಚಿ ಎಂಬ ಹೆಣ್ಣುನಾಯಿಯನ್ನು ಆರಿಸಿದಳು. ಈಮೇಲಿನಲ್ಲಿ ಪ್ರಮಾಣಪತ್ರದ ಜೊತೆಗೆ ಅದರ ಆಹಾರದ ಪಟ್ಟಿಯೂ ಬಂತು. ಮೊಟ್ಟೆಯೂ ಒಳಗೆ ಬಾರದ ನಮ್ಮ ಫ್ರಿಜ್ಜಿನ ಬಾಗಿಲಿಗೆ ಮಾಂಸದ ಪಟ್ಟಿ ಅಂಟಿಕೊಂಡಿತು. ಧಾರವಾಡದವಳಾದ ನನ್ನ ಹೆಂಡತಿ ಸುಮಾ ಮೂಗು ಮುರಿಯುತ್ತಲೇ ಓದಿದಳು. ಕೊನೆಯ ಸಾಲಿಗೆ ಬಂದಾಗ ಅವಳ ಮುಖ ಅರಳಿತು. ಮಂಗಳವಾರ ಉಪವಾಸ. ಮಾಂಸಾಹಾರಿಗಳ ಹೊಟ್ಟೆಗೆ ವಾರಕ್ಕೊಂದು ದಿನ ಬಿಡುವು ಕೊಡುವುದು ಅಲ್ಲಿಯ ಪದ್ಧತಿಯಂತೆ.

“ಮಾಂಸಾ ತಿನ್ನೋ ನಾಯೀನೂ ವಾರಾ ಮಾಡ್ತದ. ನೀವು?”

ಮುಂದಿನ ಮಂಗಳವಾರದಿಂದ ನನ್ನ ಊಟದ ಡಬ್ಬಿ ಬಂದ್ ಆಯಿತು. ಇರಾ ಪಟ್ಟಿಯಲ್ಲಿದ್ದ ಕೆಂಚಿಯ ತೂಕದ ಪಕ್ಕದಲ್ಲಿ ನನ್ನದನ್ನೂ ಬರೆದಿಡತೊಡಗಿದಳು. ಮೂರನೆಯ ವಾರ ಹಸಿವು ನನ್ನ ಬುದ್ಧಿಯನ್ನು ಚುರುಕುಗೊಳಿಸಿತು. ಸಂಜೆ ಮನೆಗೆ ಬಂದವನೇ, ಕೆಂಚಿಯ ಊರಿನಲ್ಲಿ ಆಗಲೇ ಬುಧವಾರ, ಅದರ ಉಪವಾಸ ಮುಗಿದಿದೆ, ನನಗೂ ಬಡಿಸು ಎಂದು ವಾದಿಸಿದೆ. ಸುಮಾ ಒಪ್ಪಿ ತಟ್ಟೆ ಹಾಕಿದಳು. ಗೆದ್ದ ಖುಷಿಯಲ್ಲಿ ಎರಡು ಚಪಾತಿ ಹೆಚ್ಚಿಗೇ ತಿಂದೆ. ಮುಂದಿನ ವಾರ, ಸೋಮವಾರ ರಾತ್ರಿಯ ಊಟಕ್ಕೆ ತಟ್ಟೆಯೇ ಬರಲಿಲ್ಲ. ಕೆಂಚಿಯ ಊರಿನಲ್ಲಿ ಆಗಲೇ ಮಂಗಳವಾರವಾಗಿತ್ತು.

ಮೊನ್ನೆ ಮೃಗಾಲಯದಿಂದ ಪತ್ರ ಬಂತು, ಕೆಂಚಿ ಐದು ಮರಿ ಹಾಕಿದೆ ಎಂದು. ಮೂವರೂ ಅಡುಗೆಮನೆಯಲ್ಲಿ ಕುಣಿದಾಡಿದೆವು. ನನ್ನ ಕಣ್ಣು ಒದ್ದೆಯಾದದ್ದನ್ನೂ ಮುಚ್ಚಿಡುವುದಿಲ್ಲ. ಹಾಲೂಡಿಸುವ ತಾಯಿಗೆ ಸದ್ಯ ಉಪವಾಸವಿಲ್ಲ ಎಂದೂ ಬರೆದಿದ್ದರು. ಹಾಗಾದರೆ ನನಗೂ ಬಿಡುಗಡೆ ತಾನೆ ಎಂದು ಕೇಳಿದೆ.

“ಬಾಣಂತಿ ಆಕಿ, ನೀವಲ್ಲ,” ಎಂದಳು ಸುಮಾ. “ಆಕಿ ಬಿಟ್ಟ ವಾರಾ ಮನ್ಯಾಗ ಯಾರರೆ ನಡಸಬೇಕಲ್ಲ.”

“ಅಪ್ಪಾ, ಯು ಕ್ಯಾನ್ ಡು ಇಟ್,” ಎಂದಳು ಇರಾ.

ಮಗಳು ಹಾಗೆಂದ ಮೇಲೆ ಇಲ್ಲವೆನ್ನಲಾಗಲಿಲ್ಲ. ಐಸೆಲಿನ್‌ನಿಂದ ಪೇಡೆ ತರಿಸಿ, ಮರಿಗಳ ಫೋಟೋ ತೋರಿಸುತ್ತಾ ಆಫೀಸಿನಲ್ಲೆಲ್ಲ ಹಂಚಿದೆ. ಅಂದು ಮಂಗಳವಾರ, ಇಲ್ಲೂ ಅಲ್ಲೂ. ಹಂಚಿ ಮುಗಿದಾಗ ಡಬ್ಬಿಯಲ್ಲಿ ಒಂದೇ ಒಂದು ಪೇಡೆ ಉಳಿದಿತ್ತು. ಸುತ್ತ ಯಾರೂ ಇರಲಿಲ್ಲ. ಮೇಜಿನ ಮೇಲಿದ್ದ ಫೋನಿನೊಳಗಿಂದ ಐದೂ ಮರಿಗಳು ನನ್ನನ್ನೇ ನೋಡುತ್ತಿದ್ದವು. ಫೋನನ್ನು ಬೋರಲು ಹಾಕಿದೆ.