ಪೋಪರ ಕಿರೀಟ ಸಿಂಧನೂರಿಗೆ ಬಂದದ್ದು

ನಾಟಕದ ಡ್ರೆಸ್ ಬಾಡಿಗೆ ಕೊಡುವ ಅಂಗಡಿಗೆ ಸುಮ್ಮನೆ ಬರುವವರು ಯಾರೂ ಇಲ್ಲ. ಒಂದೋ ರಾಜ ಆಗಲಿಕ್ಕೆ ಬರುತ್ತಾರೆ, ಇಲ್ಲಾ ರಾಕ್ಷಸ ಆಗಲಿಕ್ಕೆ ಬರುತ್ತಾರೆ. ಅಂದ ಮೇಲೆ ದಿನಕ್ಕೊಂದು ಅವಾಂತರ ಆಗದೆ ಏನಾಗುತ್ತದೆ?

ಸಿಂಧನೂರಿನಲ್ಲಿ ನಮ್ಮಪ್ಪ ಹಾಕಿದ ಅಂಗಡಿಯನ್ನು ಈಗ ನಾನು ನಡೆಸುತ್ತೇನೆ. ಅಪ್ಪನಿಗೆ ವಯಸ್ಸಾಗಿದೆ. ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ಗಿರಾಕಿಗಳು ಕೇಳದ ಸಲಹೆ ಕೊಡುವುದು ಅವರ ಕೆಲಸ. ಭೀಮನ ಗದೆ ಮುರಿದು ತಂದವರನ್ನೂ ಸೀತೆಯ ಜಡೆ ಬಸ್ಸಿನಲ್ಲಿ ಮರೆತು ಬಂದವರನ್ನೂ ನಾವಿಬ್ಬರೂ ನೋಡಿದ್ದೇವೆ. ಆದರೆ ಪೋಪರ ಡ್ರೆಸ್ ಕೇಳಿಕೊಂಡು ಬಂದದ್ದು ಮಾತ್ರ ಹೋದ ವರ್ಷವೇ ಮೊದಲು.

ಅರ್ಥ ಯಾವುದು?

ಬಂದವರು ನಿವೃತ್ತ ಹೆಡ್‌ಮಾಸ್ತರರು. ಎಪ್ಪತ್ತು ದಾಟಿದ ಜೀವ. ನಮ್ಮೂರಿನ ಸಣ್ಣ ಚರ್ಚಿಗೆ ನಡೆದುಕೊಳ್ಳುವ ಮನೆತನ.

"ಅವ್ವಾ, ಜಗದ್ಗುರುಗಳ ಕಿರೀಟ ಬೇಕಾಗೈತಿ" ಅಂದರು.

ನಮ್ಮ ಕಡೆ ಜಗದ್ಗುರು ಅಂದರೆ ಮಠದವರು. ಒಳಗಿಂದ ಒಂದು ಒಳ್ಳೆಯ ಕಿರೀಟ ತಂದು ಒರೆಸಿ ಇಟ್ಟೆ.

"ಇದಲ್ಲ. ನಮ್ಮ ಜಗದ್ಗುರು. ರೋಮಿನವ್ರು, ಪೋಪ್!" ಅಂದು ಮೊಬೈಲಿನಲ್ಲಿ ಒಂದು ಹಳೆಯ ಫೋಟೋ ತೋರಿಸಿದರು. ಒಂದರ ಮೇಲೊಂದು ಮೂರು ಕಿರೀಟ ಪೇರಿಸಿ, ತುದಿಗೊಂದು ಶಿಲುಬೆ ಇಟ್ಟಿದ್ದರು. ಟಿಫಿನ್ ಕ್ಯಾರಿಯರಿಗೆ ಬಂಗಾರದ ನೀರು ಕುಡಿಸಿದಂತಿತ್ತು.

ಮಾಸ್ತರರು ಹುಡುಗರಿದ್ದಾಗ ಅವರ ಶಾಲೆಯ ಗೋಡೆ ಮೇಲೆ ಈ ಫೋಟೋ ಇತ್ತಂತೆ. ಒಂದು ದಿನ ಅದನ್ನು ಇಳಿಸಿ, ಬರೀ ಬಿಳಿ ಟೋಪಿ ಹಾಕಿಕೊಂಡ ಪೋಪರ ಫೋಟೋ ತೂಗುಹಾಕಿದರು. ಆಮೇಲೆ ಬಂದವರು ಯಾರೂ ಆ ಕಿರೀಟ ಮುಟ್ಟಲಿಲ್ಲ. "ಈಗ ಹೊಸಬರು ಬಂದಾರ. ನಡುವ ಬಿಟ್ಟುಬಿಟ್ಟಿದ್ದ ಕೆಂಪು ಮೇಲ್ಹೊದಿಕೆ ಹಾಕ್ಕೊಂಡು ಹೊರಗ ಬಂದ್ರು, ಟಿವ್ಯಾಗ ನೋಡೀನಿ. ಹೊದಿಕೆ ಬಂತಂದ್ರ ಕಿರೀಟ ಏನು ದೂರ ಐತಿ? ಅದು ಬರೂದ್ರಾಗ ನಾ ಇರ್ತೀನೋ ಇಲ್ಲೋ. ನಾನ ಒಂದು ನಾಟಕ ಬರದೀನಿ, ಅದರಾಗರ ಒಮ್ಮೆ ನೋಡಿಬಿಡ್ತೀನಿ" ಅಂದರು. ಮಾತು ಮುಗಿಸಿ ಮೊಬೈಲನ್ನು ಅಂಗಿಗೆ ಒರೆಸಿ ಫೋಟೋ ಮತ್ತೊಮ್ಮೆ ನೋಡಿಕೊಂಡರು. ರಟ್ಟಿನಲ್ಲಿ ಮಾಡಿ ಬಾಡಿಗೆಗೆ ಕೊಡಲು ನಾನು ಒಪ್ಪಿಕೊಂಡೆ.

"ಮೂರು ಯಾಕ್ರಿ ಸರ? ಒಂದು ಸಾಲದೇನು?"

"ಒಂದು ರಾಜರಿಗೆಲ್ಲ ತಂದಿ ಅಂತ. ಇನ್ನೊಂದು ಲೋಕಕ್ಕ ಒಡೆಯ ಅಂತ. ಮ್ಯಾಲಿಂದು ಕ್ರಿಸ್ತನ ಪ್ರತಿನಿಧಿ ಅಂತ."

ಅಳತೆ ಕೊಡಲು ಮರುದಿನ ಬಂದಾಗ ಅರ್ಥ ಬದಲಾಗಿತ್ತು. "ಬೋಧನೆ ಮಾಡೂದು, ಪಾವನ ಮಾಡೂದು, ಆಡಳಿತ ಮಾಡೂದು." ಕಿರೀಟಕ್ಕೆ ಹೊಳೆಯುವ ಬೇಗಡೆ ಕಾಗದ ಹಚ್ಚುವ ಹೊತ್ತಿಗೆ ಇನ್ನೊಂದು ಬಂತು: ಸ್ವರ್ಗ, ಭೂಮಿ, ಸತ್ತವರ ಆತ್ಮಗಳು ಶುದ್ಧವಾಗುವ ಜಾಗ.

"ಸರ, ಖರೇವಂದ್ರ ಅರ್ಥ ಯಾವುದ್ರಿ?" ಅಂದೆ.

"ಅದನ್ನ ಯಾರೂ ಗಟ್ಟಿಯಾಗಿ ಹೇಳಿಲ್ಲವಾ. ಒಬ್ಬೊಬ್ರು ಒಂದೊಂದು ಅಂತಾರ."

ಬಾಗಿಲಲ್ಲಿ ಕೂತಿದ್ದ ಅಪ್ಪ ತಿರುಗಿ ನೋಡಿದರು. "ಹಂಗಿದ್ರ ನಾಕನೇದೊಂದು ಹಚ್ಚಿಬಿಡು ಮಗಳ. ಮಿಕ್ಕ ಅರ್ಥ ಎಲ್ಲಾ ಅದರಾಗ ತುಂಬ್ತಾವ."

ಫಾದರ್ ತಡೆಯಲು ಬಂದರು

ಸುದ್ದಿ ಚರ್ಚಿನ ಫಾದರ್ ಕಿವಿಗೆ ಬಿತ್ತು. ಅವರು ಮಂಗಳೂರು ಕಡೆಯವರು, ಇನ್ನೂ ಎಳೆಯ ವಯಸ್ಸು. ಸ್ಕೂಟರಿನಲ್ಲಿ ಓಡಾಡುತ್ತಾರೆ. ಹೆಲ್ಮೆಟ್ ತೆಗೆಯದೆ ಅಂಗಡಿಗೆ ನುಗ್ಗಿದರು.

"ಅಕ್ಕಾ, ದಯವಿಟ್ಟು ಇದನ್ನು ಮಾಡಬೇಡಿ. ಆ ವೈಭವ ಎಲ್ಲ ಮುಗಿದ ಕಥೆ. ಯೇಸುಸ್ವಾಮಿಗೆ ಇದ್ದದ್ದು ಮುಳ್ಳಿನ ಕಿರೀಟ ಮಾತ್ರ."

"ಅದೂ ಐತ್ರಿ ನಮ್ಮಲ್ಲಿ, ಪ್ಲಾಸ್ಟಿಕ್‌ದು" ಅಂದೆ.

ಫಾದರ್ ತಲೆ ಹಿಡಿದುಕೊಂಡು, ಅಂದರೆ ಹೆಲ್ಮೆಟ್ ಹಿಡಿದುಕೊಂಡು, ಕುರ್ಚಿಯಲ್ಲಿ ಕೂತರು. ಅಪ್ಪನಿಗೆ ಬೇಕಾಗಿದ್ದೂ ಅದೇ.

"ಅಲ್ರೀ ಫಾದರ, ಜಗದ್ಗುರು ಅಂದ ಮ್ಯಾಲ ಕಿರೀಟ, ಪಲ್ಲಕ್ಕಿ ಇರಬೇಕಲ್ಲ? ನಿಮ್ಮವ್ರು ಯಾಕ ಬಿಟ್ರು?"

"ನಮ್ಮ ಒಬ್ಬ ಪೋಪರು ತಾವೇ ಅದನ್ನು ತಲೆಯಿಂದ ತೆಗೆದು ಪೂಜಾಪೀಠದ ಮೇಲೆ ಇಟ್ಟರು ಅಜ್ಜಾ. ಬಡವರಿಗಾಗಿ ಕೊಟ್ಟುಬಿಟ್ಟರು." ಹೇಳುವಾಗ ಫಾದರ್ ಮುಖ ಬೆಳಗಿತು.

ಅಪ್ಪನೂ ಕೈಮುಗಿದರು. "ದೊಡ್ಡ ಮಾತು. ಈಗ ಎಲ್ಲೈತ್ರಿ ಅದು?"

"ಅಮೆರಿಕಾದಲ್ಲಿ. ಒಂದು ದೊಡ್ಡ ಚರ್ಚಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ."

ಅಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಬಡವ್ರು ಅಮೆರಿಕಾದಾಗ ಅದಾರೇನು?"

ಅಲ್ಲಿಯ ಜನ ಅದಕ್ಕೆ ಪ್ರತಿಯಾಗಿ ಬಡವರಿಗೆ ಧಾರಾಳ ಕೊಟ್ಟರು ಅಂತ ಫಾದರ್ ಬಿಡಿಸಿ ಹೇಳಿದರು. ಅಪ್ಪ "ಹೌದ್ರಿ, ಹೌದ್ರಿ" ಅಂದರು, ಆದರೆ ಪಕ್ಕದ ಅಂಗಡಿಯವನಿಗೆ ಕಣ್ಣು ಹೊಡೆದದ್ದನ್ನು ನಾನು ನೋಡಿದೆ.

ಅಷ್ಟರಲ್ಲಿ ಮಾಸ್ತರರೂ ಬಂದರು. ಇಬ್ಬರಿಗೂ ಅಲ್ಲೇ ಜಗಳ ಹತ್ತಿತು. ಒಬ್ಬರು ಕಿರೀಟ ಹಾಕಲೇಬೇಕು ಅಂತ, ಇನ್ನೊಬ್ಬರು ಹಾಕಲೇಬಾರದು ಅಂತ. ಕೊನೆಗೆ ರಾಜಿ ಮಾಡಿಸಿದವಳು ನಾನು: ನಾಟಕದ ಮೊದಲನೆಯ ಅಂಕದಲ್ಲಿ ಪೋಪ್ ಕಿರೀಟ ಹಾಕಿಕೊಳ್ಳಲಿ, ಕಡೆಯ ಅಂಕದಲ್ಲಿ ತೆಗೆದಿಡಲಿ. ಇಬ್ಬರೂ ತಾನೇ ಗೆದ್ದೆ ಅಂದುಕೊಂಡು ಹೋದರು.

"ಯಾರೂ ಸೋಲಲಿಲ್ಲ ನೋಡಪಾ" ಅಂದೆ.

"ಹೌದು. ಅಂಕ ಎರಡಾದ್ವು, ಬಾಡಿಗಿ ಒಂದೇ. ಸೋತಾಕಿ ನೀನು" ಅಂದರು ಅಪ್ಪ.

ಕೆಂಪು ಬೂಟು

ಪೋಪ್ ಆಗಲು ಗೊರೇಬಾಳದ ಕಿರಾಣಿ ಅಂಗಡಿಯವರನ್ನು ಕರೆದರು. ಲಿಂಗ ಕಟ್ಟಿಕೊಂಡ ಮನುಷ್ಯ, ಆದರೆ ನಾಟಕದ ಹುಚ್ಚು. ದಪ್ಪ ಆಳು, ಕಂಚಿನ ಕಂಠ. ಸುತ್ತ ಹಳ್ಳಿಗಳ ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು ಅಂದರೆ ಅವರದೇ.

ನಿಲುವಂಗಿ ಹೊಲಿದದ್ದಾಯಿತು. ಆಮೇಲೆ ಮಾಸ್ತರರು ಕೆಂಪು ಬೂಟು ಬೇಕು ಅಂದರು. ಅದು ಧರ್ಮಕ್ಕಾಗಿ ಪ್ರಾಣ ಕೊಟ್ಟವರ ರಕ್ತದ ಸಂಕೇತವಂತೆ. ಕೇಳಿ ಫಾದರ್ ನಕ್ಕುಬಿಟ್ಟರು.

ಸಿಂಧನೂರು ಪೂರಾ ಹುಡುಕಿದೆ, ಲಿಂಗಸುಗೂರಿಗೂ ಹೋದೆ. ಅಲ್ಲಿಯ ಅಂಗಡಿಯವನು ಹೆಂಗಸರ ಹೈಹೀಲ್ಡ್ ತೋರಿಸಿದ. "ಗಂಡಸ್ರಿಗೆ ಬೇಕ್ರೀ" ಅಂದೆ. ಒಂದು ಬಾಕ್ಸ್ ತೆಗೆದ. ಕಾಲಿಟ್ಟಲ್ಲೆಲ್ಲ ಹಿಮ್ಮಡಿಯಲ್ಲಿ ದೀಪ ಹತ್ತುವ ಬೂಟು.

"ಯಾರಿಗ್ರೀ ಅಕ್ಕಾರ?"

"ಪೋಪರಿಗೆ."

"ಹಂಗಂದ್ರ ಇದ ತಗೋರಿ. ಕತ್ತಲ್ಯಾಗ ದಾರಿ ಕಾಣ್ತೈತಿ."

ಬೇಡವೆಂದು ಬಂದೆ. ಕಡೆಗೆ ಪಿ.ಟಿ. ಪೀರಿಯಡ್ಡಿನ ಬಿಳಿ ಕ್ಯಾನ್ವಾಸ್ ಬೂಟಿಗೆ, ಹನುಮಪ್ಪನ ಮುಖಕ್ಕೆ ಬಳಿಯುವ ಕೆಂಪು ಬಣ್ಣವನ್ನೇ ಗಟ್ಟಿಯಾಗಿ ಬಳಿದೆ. ಒಣಗಿದ ಮೇಲೆ ಎಷ್ಟು ಚಂದ ಕಂಡಿತೆಂದರೆ, ನನಗೂ ಒಂದು ಜೊತೆ ಬೇಕೆನ್ನಿಸಿತು.

ತಾಲೀಮು ಚರ್ಚಿನೊಳಗೆ ಇಟ್ಟಿದ್ದರು. ಬೇಸಿಗೆ. ಕರೆಂಟ್ ಹೋಗಿತ್ತು. ನಮ್ಮ ಪೋಪ್ ಬೆವರುವುದರಲ್ಲಿ ಯಾರಿಗೂ ಕಡಿಮೆ ಇಲ್ಲ. ಬಾಗಿಲಿನಿಂದ ಪೂಜಾಪೀಠದ ತನಕ ಗಂಭೀರವಾಗಿ ಹೆಜ್ಜೆ ಹಾಕಿ, ತಿರುಗಿ ನಿಂತು, ಎರಡೂ ಕೈ ಚಾಚಿ ಆಶೀರ್ವಾದ ಮಾಡಿದರು. ಯಾರೂ ಅವರ ಕೈ ನೋಡಲಿಲ್ಲ. ಎಲ್ಲರೂ ನೆಲ ನೋಡುತ್ತಿದ್ದೆವು. ಆವತ್ತೇ ತೊಳೆದ ಬಿಳಿ ಟೈಲ್ಸಿನ ಮೇಲೆ ಉದ್ದಕ್ಕೂ ಕೆಂಪು ಹೆಜ್ಜೆ ಮೂಡಿದ್ದವು.

ಫಾದರ್ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡರು. ಮಾಸ್ತರರು ಮಾತ್ರ ಕನ್ನಡಕ ಸರಿಮಾಡಿಕೊಂಡು ಹೆಜ್ಜೆಗಳನ್ನು ಒಂದೊಂದಾಗಿ ನೋಡುತ್ತ ಬಂದರು.

"ಹುತಾತ್ಮರ ರಕ್ತ ಅಂತ ನಾ ಹೇಳಿದಾಗ ನೀವು ನಕ್ಕಿದ್ರಿ ಫಾದರ್. ಈಗ ಒರೆಸ್ರಿ."

ಪಲ್ಲಕ್ಕಿ ದಾರಿ ತಪ್ಪಿತು

ಹಿಂದೆ ಪೋಪರನ್ನು ಕುರ್ಚಿಯಲ್ಲಿ ಕೂಡಿಸಿ, ಹೆಗಲ ಮೇಲೆ ಹೊತ್ತು ತರುತ್ತಿದ್ದರಂತೆ. ದೂರದಲ್ಲಿ ನಿಂತ ಜನರಿಗೂ ಕಾಣಲಿ ಅಂತ. ನಾಟಕ ಲಿಂಗಸುಗೂರಿನಲ್ಲಿ ಇತ್ತು. ಅದರ ಪ್ರಚಾರಕ್ಕೆ ಹಿಂದಿನ ಸಂಜೆ ಮಸ್ಕಿಯಲ್ಲಿ ಇಂಥದೊಂದು ಮೆರವಣಿಗೆ ಮಾಡೋಣ ಅಂತ ಮಾಸ್ತರರ ಹಟ.

ಮಸ್ಕಿಯ ಶಾಮಿಯಾನದವನ ಹತ್ತಿರ, ಮದುವೆಯಲ್ಲಿ ಮದುಮಕ್ಕಳನ್ನು ಕೂಡಿಸುವ ಸಿಂಹಾಸನ ಸಿಕ್ಕಿತು. ಅದಕ್ಕೆ ಎರಡು ಬಿದಿರು ಕಟ್ಟಿದೆವು. ಹೊರಲು ರೈಸ್‌ಮಿಲ್ಲಿನ ಹಮಾಲರು ಬಂದರು. ಪೋಪರನ್ನು ಕೂಡಿಸಿ ಎತ್ತಿದ ಕೂಡಲೇ ಮುಂದಿನವ ಕೇಳಿದ: "ಯಾವ ಲಾರಿಗ್ರಿ?"

ಸ್ವಲ್ಪ ದೂರ ಎಲ್ಲ ಸರಿಯಾಗಿತ್ತು. ಪೋಪ್ ಮೇಲಿಂದ ಕೈಬೀಸುತ್ತಿದ್ದರು, ಜನ ಕೈಮುಗಿಯುತ್ತಿದ್ದರು. ಆಗ ಎದುರಿನ ಓಣಿಯಿಂದ ಒಂದು ಮದುವೆ ಮೆರವಣಿಗೆ ಬಂತು. ಬ್ಯಾಂಡಿನವರು, ಕುಣಿಯುವವರು, ಧೂಳು. ನಾನು, ಫಾದರ್, ಮಾಸ್ತರರು ಒಂದು ಕಡೆ ನೂಕಿಸಿಕೊಂಡೆವು. ಗದ್ದಲ ಕಡಿಮೆಯಾದಾಗ ನೋಡಿದರೆ ಪಲ್ಲಕ್ಕಿಯೇ ಇಲ್ಲ.

ಹಮಾಲರ ತಪ್ಪಲ್ಲ. ಹೊತ್ತದ್ದು ಮದುವೆಯ ಕುರ್ಚಿ, ಮುಂದೆ ಮದುವೆಯ ಬ್ಯಾಂಡು. ಅವರು ಬ್ಯಾಂಡಿನ ಹಿಂದೆ ಹೋಗಿದ್ದರು.

ನಾವು ಕಲ್ಯಾಣ ಮಂಟಪ ಮುಟ್ಟುವ ಹೊತ್ತಿಗೆ ಪೋಪ್ ವೇದಿಕೆಯ ಮೇಲಿದ್ದರು. ಮೂರಂತಸ್ತಿನ ಕಿರೀಟ ನೋಡಿ ಯಾವುದೋ ದೊಡ್ಡ ಮಠದವರೇ ಸರಿ ಅಂತ ಬೀಗರು ಕಾಲಿಗೆ ನೀರು ಹಾಕಿದ್ದರು. ಕಾಲು ತೊಳೆದ ತಾಟಿನ ನೀರೆಲ್ಲ ಕೆಂಪು. ಆ ನೀರನ್ನು ಒಬ್ಬ ಮುದುಕಿ ಭಕ್ತಿಯಿಂದ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಮದುಮಕ್ಕಳು ಆಶೀರ್ವಾದಕ್ಕೆ ಬಗ್ಗಿದ್ದರು.

ಹೇಗೋ ಬಿಡಿಸಿಕೊಂಡು ಹೊರಗೆ ತಂದೆವು. ಹೋಳಿಗೆ ತುಪ್ಪ ಉಂಡು ಕಿರಾಣಿಯವರು ಸಂತೃಪ್ತರಾಗಿದ್ದರು. ಫಾದರ್ ಕೇಳಿದರು: "ಆ ಹುಡುಗ ಹುಡುಗಿಗೆ ನೀವು ಏನಂತ ಆಶೀರ್ವಾದ ಮಾಡಿದಿರಿ?"

"ನನಗ ಬಾಯಿಪಾಠ ಇದ್ದದ್ದು ನಾಟಕದ ಮಾತಷ್ಟೇ ಅಲ್ರೀ? ಅದನ್ನ ಹೇಳೀನಿ."

"ಯಾವ ಮಾತು?"

ಕಿರಾಣಿಯವರು ಎದೆ ಉಬ್ಬಿಸಿ, ಕಂಚಿನ ಕಂಠದಲ್ಲಿ ಮತ್ತೊಮ್ಮೆ ಹೇಳಿ ತೋರಿಸಿದರು: "ಮಕ್ಕಳೇ, ನೀವು ಮಾಡಿದ್ದನ್ನು ಕ್ಷಮಿಸಿದ್ದೇನೆ. ಇನ್ನೊಮ್ಮೆ ಇಂಥ ತಪ್ಪು ಮಾಡಬೇಡಿ."

ಕಡೆಯ ಅಂಕ

ಲಿಂಗಸುಗೂರಿನಲ್ಲಿ ಮೈದಾನ ತುಂಬಿತ್ತು. ಮಸ್ಕಿಯ ಸುದ್ದಿ ಮುಂದಾಗಿ ಹೋಗಿತ್ತು, ಹಾಗಾಗಿ ಕ್ರೈಸ್ತರಿಗಿಂತ ಬೇರೆಯವರೇ ಹೆಚ್ಚು ಬಂದಿದ್ದರು.

ಮೊದಲನೆಯ ಅಂಕದಲ್ಲಿ ಕಿರೀಟ ಪೋಪರ ತಲೆಗೇರಿತು. ಬೆಳಕು ಬಿದ್ದು ಬೇಗಡೆ, ಚಮಕಿ ಎಲ್ಲ ಝಗ್ಗನೆ ಹೊಳೆಯಿತು. ಪರದೆಯ ಪಕ್ಕದಲ್ಲಿ ನಿಂತಿದ್ದ ಮಾಸ್ತರರು ಎರಡೂ ಕೈ ಎದೆಗೆ ಒತ್ತಿಕೊಂಡು, ಗೋಡೆಯ ಫೋಟೋ ನೋಡುವ ಹುಡುಗನ ಹಾಗೆ ಬಾಯಿ ತೆರೆದು ನಿಂತುಬಿಟ್ಟರು. ಕಣ್ಣಲ್ಲಿ ನೀರು. ಫಾದರ್ ತಮ್ಮ ಕರ್ಚೀಪು ತೆಗೆದು ಕೊಟ್ಟರು. ಕೊಡುತ್ತ, "ಕಡೆಯ ಅಂಕದ ತನಕ ಅಷ್ಟೇ ಸಾರ್, ಆಮೇಲೆ ಇಳಿಸುತ್ತೇವೆ" ಅಂತ ನೆನಪು ಮಾಡಲು ಮರೆಯಲಿಲ್ಲ.

ಕಡೆಯ ಅಂಕ ಬಂತು. ಸಂಗೀತ ನಿಂತಿತು. ಪೋಪ್ ನಿಧಾನವಾಗಿ ಕಿರೀಟ ತೆಗೆದರು, ಪೂಜಾಪೀಠದ ಮೇಲೆ ಇಟ್ಟರು, ಜನರ ಕಡೆ ತಿರುಗಿದರು.

"ಈ ಕಿರೀಟ ಇನ್ನು ನನ್ನದಲ್ಲ. ಇದು ಬಡವರದು!"

ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಣ್ಣುಮಗಳು ಎದ್ದಳು. ಬಳಗಾನೂರಿನವಳು, ನಾಟಿ ಹಚ್ಚುವ ಕೂಲಿಗೆ ಹೋಗುವವಳು, ಮಗಳ ಮನೆಗೆಂದು ಲಿಂಗಸುಗೂರಿಗೆ ಬಂದವಳಂತೆ. ಅದು ನಮಗೆ ಆಮೇಲೆ ಗೊತ್ತಾಯಿತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸೀದಾ ಸ್ಟೇಜು ಹತ್ತಿ ಕಿರೀಟಕ್ಕೆ ಕೈಹಾಕಿದಳು.

ಪೌರಾಣಿಕ ನಾಟಕ ಆಡಿದ ಮನುಷ್ಯ ಮಾತಿಗೆ ತಡವರಿಸುವುದುಂಟೆ? "ಯಾರು ನೀನು, ಎಲೈ ಸ್ತ್ರೀಯೇ?" ಅಂದರು ಪೋಪ್.

"ಬಡವಿ ಅದೀನ್ರಿ. ನೀವ ಕರದ್ರಲ್ಲ."

ಜನ ಹೋ ಎಂದರು. ಫಾದರ್ ಸ್ಟೇಜಿಗೆ ಓಡಿ ಬಂದರು. "ಅಮ್ಮಾ, ಹಾಗಲ್ಲ. ಇದು ನಾಟಕ."

"ನಾಟಕದಾಗೂ ಕೊಡಂಗಿಲ್ಲಂದ್ರ ಖರೇವಂದ್ರ ಯಾವಾಗ ಕೊಡ್ತೀರಿ?"

ಫಾದರ್ ಅವಳ ಕಡೆ ಬಗ್ಗಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಇದು ಬರೀ ರಟ್ಟಿನದಮ್ಮಾ" ಅಂದರು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

"ಗೊತ್ತೈತ್ರಿ ಯಪ್ಪಾ. ಬಂಗಾರದ್ದಿದ್ರ ನನ್ನ ತನಕ ಬರ್ತಿತ್ತೇನು?"

ಮೈದಾನ ಅಲ್ಲಾಡಿಹೋಯಿತು. ಫಾದರ್‌ಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೊರೆಸಿಕೊಂಡರು, ಕಿರೀಟವನ್ನು ಎರಡೂ ಕೈಯಲ್ಲಿ ಎತ್ತಿ ತಾವೇ ಅವಳಿಗೆ ಕೊಟ್ಟರು. ಅವಳು ಅದನ್ನು ಸೆರಗಿನ ಮೇಲೆ ತಲೆಗಿಟ್ಟುಕೊಂಡು, ನೀರಿನ ಕೊಡ ಹೊತ್ತವರಂತೆ ಒಂದು ಕೈ ಆಸರೆ ಕೊಟ್ಟು, ಮೆಟ್ಟಿಲಿಳಿದು ನಡೆದಳು. ಜನ ಎದ್ದು ದಾರಿ ಬಿಟ್ಟರು.

"ಹೋಗ್ಲಿ ಬಿಡ್ರಿ ಫಾದರ್" ಅಂದರು ಮಾಸ್ತರರು. "ಗಾಜಿನ ಪೆಟಗ್ಯಾಗ ಇರೂದಕ್ಕಿಂತ ಒಬ್ರ ತಲಿ ಮ್ಯಾಲ ಇರೂದು ಚಲೋ."

ಆ ಮಾತೂ ಮೈಕಿನಲ್ಲಿ ಕೇಳಿಸಿ ಚಪ್ಪಾಳೆ ಬಿತ್ತು. ನಾನೂ ಎದ್ದು ನಿಂತು ಕೈ ಉರಿಯುವ ತನಕ ಚಪ್ಪಾಳೆ ಹೊಡೆದೆ. ಅವಳು ಗೇಟು ದಾಟಿ, ಕಿರೀಟ ಬಗ್ಗಿಸಿ ಆಟೋ ಹತ್ತಿ, ಆಟೋ ತಿರುವಿನಲ್ಲಿ ಮರೆಯಾದ ಮೇಲೆ ನನಗೆ ಹೊಳೆಯಿತು: ಪೋಪರೂ ಅಲ್ಲ, ಚರ್ಚೂ ಅಲ್ಲ, ಆ ಕಿರೀಟ ಬಡವರಿಗೆ ಕೊಟ್ಟವಳು ನಾನು!